ಮಗುವಿನದೇ ಕೈತುತ್ತು

ಎಲ್ಲರಿಗೂ ನಮಸ್ಕಾರ. ಕೈತುತ್ತು ಅಂದ ಕೂಡಲೇ ನಮಗೆ ನೆನಪಾಗುವುದು ಅಮ್ಮನೋ ಅಜ್ಜಿಯೋ ಅನ್ನ ಕಲಸಿ ಬಾಯಿಗಿಡುವ ತುತ್ತು. ಇವತ್ತು ಮಾತಾಡುತ್ತಿರುವುದು ಮಗು ತಾನೇ ಹಿಡಿದು, ತಾನೇ ಬಾಯಿಗೆ ಒಯ್ಯುವ ತುತ್ತಿನ ಬಗ್ಗೆ. ಪೇಟೆಯವರು ಫಿಂಗರ್ ಫುಡ್ ಅನ್ನುತ್ತಾರೆ. ಹೆಸರು ಹೊಸದು, ಸಾಮಾನೆಲ್ಲ ನಮ್ಮ ಅಡುಗೆಮನೆಯದೇ. ಮೇಜಿನ ಮೇಲೆ ನೋಡಿ: ಒಂದು ಇಡ್ಲಿ ಪಾತ್ರೆ, ಒಂದು ತುರಿಮಣೆ, ಸಿಹಿ ಕುಂಬಳ, ಕ್ಯಾರೆಟ್, ಸೀಮೆಬದನೆ, ನೆನೆಸಿದ ಹೆಸರುಬೇಳೆ, ಸಬ್ಬಸಿಗೆ ಸೊಪ್ಪು, ಸ್ವಲ್ಪ ತುಪ್ಪ. ಇದಕ್ಕಿಂತ ಹೆಚ್ಚಿಗೆ ಏನೂ ಕೊಳ್ಳಬೇಕಿಲ್ಲ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. 6 ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಊಟ, 2 ವರ್ಷದವರೆಗೂ ಹಾಲು ಬಿಡಿಸುವ ಅವಸರ ಬೇಡ. ಆದರೆ ಕೈಗೆ ತಿನಿಸು ಕೊಡಲು ಕ್ಯಾಲೆಂಡರ್ ನೋಡಿದರೆ ಸಾಲದು, ಮಗುವನ್ನು ನೋಡಬೇಕು. ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತದೆಯೇ, ಕತ್ತು ನಿಂತಿದೆಯೇ, ಸಿಕ್ಕಿದ್ದನ್ನು ಹಿಡಿದು ಬಾಯಿಗೆ ಒಯ್ಯುತ್ತದೆಯೇ, ಬಾಯಿಗಿಟ್ಟಿದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿದೆಯೇ? ನಾಲ್ಕಕ್ಕೂ ಹೌದು ಎಂದಾದರೆ ಸರಿ. ಅನ್ನಪ್ರಾಶನ ಆಯಿತು ಎಂಬ ಒಂದೇ ಕಾರಣಕ್ಕೆ ಮರುದಿನ ಕೈಗೆ ಕ್ಯಾರೆಟ್ ಕೊಡಬೇಡಿ. ಅವಧಿಗೆ ಮೊದಲೇ ಹುಟ್ಟಿದ ಮಗು, ತೂಕ ಏರದ ಮಗು, ನುಂಗಲು ಕಷ್ಟಪಡುವ ಮಗು ಆದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ಮಗುವೇ ಹಿಡಿದು ತಿನ್ನಲಿ ಎಂಬ ಪದ್ಧತಿಗೆ ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನ ಗಿಲ್ ರಾಪ್ಲಿ ಎಂಬವರು ಹೆಚ್ಚು ಪ್ರಚಾರ ಕೊಟ್ಟರು. ಅವರ ಮಾತು ಕಟ್ಟುನಿಟ್ಟು: ಚಮಚವೇ ಬೇಡ. ಆಮೇಲೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಅದನ್ನು ತಿದ್ದಿ ಪ್ರಯೋಗ ಮಾಡಿದರು. ಅವರು ಹಾಕಿದ ಷರತ್ತು ಮೂರು: ಪ್ರತಿ ಊಟದಲ್ಲೂ ಕಬ್ಬಿಣಾಂಶದ ಒಂದು ಪದಾರ್ಥ ಇರಬೇಕು, ಶಕ್ತಿ ಕೊಡುವ ಒಂದು ಪದಾರ್ಥ ಇರಬೇಕು, ಗಂಟಲಿಗೆ ಸಿಕ್ಕುವಂಥದ್ದು ಯಾವುದೂ ಇರಬಾರದು. 2016ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ಹೀಗೆ ತಿಂದ ಮಕ್ಕಳಿಗೂ ಚಮಚದಲ್ಲಿ ತಿಂದ ಮಕ್ಕಳಿಗೂ ಉಸಿರು ಕಟ್ಟುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡೂ ಗುಂಪಿನಲ್ಲಿ, ಕೊಡಬಾರದ ಗಟ್ಟಿ ತಿನಿಸನ್ನು ಕೊಟ್ಟ ಮನೆಗಳು ಬೇಕಾದಷ್ಟಿದ್ದವು. ಅಪಾಯ ಇರುವುದು ಚಮಚವೋ ಕೈಯೋ ಎಂಬುದರಲ್ಲಿ ಕಡಿಮೆ, ಏನು ಕೊಟ್ಟೆವು ಎಂಬುದರಲ್ಲಿ ಹೆಚ್ಚು.

ನನ್ನ ಸಲಹೆ ಎರಡೂ ಇರಲಿ ಎಂಬುದು. ರಾಗಿ ಸರಿ, ಬೇಳೆ ಅನ್ನ ಚಮಚದಲ್ಲೋ ನಿಮ್ಮ ಕೈಯಲ್ಲೋ ಹೋಗುತ್ತಿರಲಿ. ಅದರ ಪಕ್ಕದಲ್ಲೇ ತಟ್ಟೆಯಲ್ಲಿ ಎರಡು ತುಂಡು ತರಕಾರಿ ಇರಲಿ. ಮೊದಲ ತಿಂಗಳಲ್ಲಿ ಮಗು ಹಿಡಿದು ತಿಂದಿದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಜಾಸ್ತಿ. ಆ ಲೆಕ್ಕದ ಮೇಲೆ ಹೊಟ್ಟೆ ತುಂಬುವುದಿಲ್ಲ.

ಈಗ ಕ್ಯಾರೆಟ್ಟಿಗೆ ಬರೋಣ. ಇಲ್ಲಿ ಎರಡು ತುಂಡಿವೆ. ಎರಡೂ ಒಂದೇ ಕ್ಯಾರೆಟ್ಟಿನವು, ಎರಡೂ 6 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ದಪ್ಪ. ಒಂದನ್ನು ಆವಿಯಲ್ಲಿ 7 ನಿಮಿಷ ಇಟ್ಟಿದ್ದು, ಇನ್ನೊಂದು 15 ನಿಮಿಷ. ಮೊದಲನೆಯದನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತೇನೆ. ಬಾಗುತ್ತದೆ, ಆಮೇಲೆ ಟಪ್ಪನೆ ಎರಡು ತುಂಡಾಗುತ್ತದೆ. ತುಂಡಿನ ಅಂಚು ನೋಡಿ, ಗಟ್ಟಿಯಾಗಿ ಚೂಪಾಗಿದೆ. ನಮಗೆ ಪಲ್ಯಕ್ಕೆ ಇದು ಹದವಾದ ಬೇವು, ಮಗುವಿಗೆ ಹಸಿ. ಎರಡನೆಯದನ್ನು ಒತ್ತಿದರೆ ಬೆರಳ ಗುರುತು ಬಿದ್ದು, ಹಾಗೇ ಚಪ್ಪಟೆಯಾಗಿ, ಬೆಣ್ಣೆಯ ಹಾಗೆ ಹರಡಿತು. ಹಿಡಿದೆತ್ತಿದರೆ ಮಾತ್ರ ಮುರಿಯಲಿಲ್ಲ. ಇದೇ ಹದ. ಇನ್ನೂ ಅನುಮಾನ ಇದ್ದರೆ ನಿಮ್ಮ ಬಾಯಿಗೆ ಹಾಕಿಕೊಂಡು, ಹಲ್ಲು ತಾಗಿಸದೆ ನಾಲಿಗೆ ಮತ್ತು ಬಾಯಿಯ ಅಂಗಳದ ನಡುವೆ ಒತ್ತಿ ನೋಡಿ. ಕರಗಿದರೆ ಮಗುವಿಗೆ ಕೊಡಬಹುದು.

‘ಹಲ್ಲೇ ಬಂದಿಲ್ಲ, ಹೇಗೆ ಅಗಿಯುತ್ತೆ?’ ಎಂದು ಪ್ರತಿ ಮನೆಯ ಅಜ್ಜಿಯೂ ಕೇಳುತ್ತಾರೆ. ಒಸಡು ಸಾಕು, ಈ ಹದದ ತರಕಾರಿಯನ್ನು ಒಸಡು ಚೆನ್ನಾಗಿ ಅರೆಯುತ್ತದೆ. ನಿಜವಾದ ಅಪಾಯ ಶುರುವಾಗುವುದು ಬಾಯಿಯ ಮುಂಭಾಗದ ಎರಡು ಹಲ್ಲು ಬಂದಾಗ. ಹಸಿ ಕ್ಯಾರೆಟ್ಟನ್ನೋ ಸೇಬನ್ನೋ ಆ ಹಲ್ಲು ಕಚ್ಚಿ ತುಂಡರಿಸುತ್ತದೆ, ಆ ತುಂಡನ್ನು ಅರೆಯುವ ದವಡೆ ಹಲ್ಲು ಮಾತ್ರ ವರ್ಷ ತುಂಬಿದ ಮೇಲೆಯೇ ಬರುವುದು. ಹಲ್ಲು ಬಂತು ಎಂದು ಖುಷಿಪಟ್ಟು ಗಟ್ಟಿ ತಿನಿಸು ಕೈಗಿಡುವ ವಯಸ್ಸೇ ಹೆಚ್ಚು ಎಚ್ಚರಿಕೆಯ ವಯಸ್ಸು.

ಬೇಯಿಸುವ ಹೊತ್ತು ಬರೆದುಕೊಳ್ಳಿ. ನೀರು ಕುದಿದು ಆವಿ ಎದ್ದ ಮೇಲೆ ಎಣಿಸಬೇಕು, ಒಲೆ ಹಚ್ಚಿದಲ್ಲಿಂದ ಅಲ್ಲ. ಬೆರಳುದ್ದದ ತುಂಡಿಗೆ ಸಿಹಿ ಕುಂಬಳ 8ರಿಂದ 10 ನಿಮಿಷ, ಗೆಣಸು 12, ಸೀಮೆಬದನೆ 12, ನಾರು ತೆಗೆದ ಹುರುಳಿಕಾಯಿ 12ರಿಂದ 15, ಕ್ಯಾರೆಟ್ 15, ಬೀಟ್‌ರೂಟ್ 25. ಹೂಕೋಸು ತೊಟ್ಟಿನ ಸಮೇತ 10. ಬಲಿತ ತರಕಾರಿ ಇದಕ್ಕಿಂತ ಹೆಚ್ಚು ಕೇಳುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಕುಕ್ಕರಿನಲ್ಲಿ ಮಾಡುವವರು ವೆಯ್ಟ್ ಹಾಕದೆ ಮಾಡಿ. ವಿಶಲ್ ಹೊಡೆಸಿದರೆ ಕುಂಬಳ, ಸೀಮೆಬದನೆ ಗಂಜಿಯಾಗಿ ಮಗುವಿನ ಮುಷ್ಟಿಯೊಳಗಿಂದ ಹಿಂಡಿ ಹೋಗುತ್ತದೆ. ನೀರಲ್ಲಿ ಮುಳುಗಿಸಿ ಬೇಯಿಸಿದರೆ ರುಚಿಯೂ ಸತ್ವವೂ ನೀರಿಗೆ ಹೋಗುತ್ತದೆ, ತುಂಡು ಜಾರುವುದೂ ಹೆಚ್ಚು.

ಆಕಾರಕ್ಕೆ ಒಂದು ಕಾರಣ ಇದೆ. ಆರೇಳು ತಿಂಗಳ ಮಗು ಹಿಡಿಯುವುದು ಇಡೀ ಅಂಗೈಯಿಂದ. ಮುಷ್ಟಿ ಕಟ್ಟಿದ ಮೇಲೆ ಅದನ್ನು ಬಿಚ್ಚಲು ಅದಕ್ಕೆ ಇನ್ನೂ ಬಾರದು. ಮುಷ್ಟಿಯ ಒಳಗೆ 3 ಸೆಂಟಿಮೀಟರ್ ಹೋಯಿತು ಅಂದುಕೊಂಡರೆ, ಬಾಯಿಗೆ ಸಿಗುವ ಹಾಗೆ ಇನ್ನೊಂದು 3 ಸೆಂಟಿಮೀಟರ್ ಮೇಲೆ ಚಾಚಿರಬೇಕು. ಚಿಕ್ಕದಾಗಿ ಹೆಚ್ಚಿದರೆ ಸುರಕ್ಷಿತ ಎಂದು ನಾವು ಅಂದುಕೊಳ್ಳುತ್ತೇವೆ. ಈ ವಯಸ್ಸಿಗೆ ಚಿಕ್ಕ ತುಂಡು ಮುಷ್ಟಿಯಲ್ಲೇ ಮುಚ್ಚಿಹೋಗುತ್ತದೆ, ಮಗು ಸಿಟ್ಟಿಗೇಳುತ್ತದೆ. ದುಂಡು ಬಿಲ್ಲೆಯಂತೂ ಯಾವ ವಯಸ್ಸಿಗೂ ಬೇಡ, ಅದು ಗಂಟಲಿಗೆ ಬಿರಡೆಯ ಹಾಗೆ ಕೂರುತ್ತದೆ.

ಜಾರುವ ತುಂಡಿಗೆ ಉಪಾಯ ಇದೆ. ಬೇಯಿಸಿದ ಸೀಮೆಬದನೆಯನ್ನು ನಯವಾದ ಹುರಿಗಡಲೆ ಪುಡಿಯಲ್ಲೋ, ಹುರಿದು ಪುಡಿ ಮಾಡಿದ ಎಳ್ಳಿನಲ್ಲೋ ಒಮ್ಮೆ ಹೊರಳಿಸಿ. ಪುಡಿ ತೆಳ್ಳಗೆ ಅಂಟಬೇಕು, ದಪ್ಪಗೆ ಕೂತರೆ ಮಗು ಉಸಿರೆಳೆದಾಗ ಕೆಮ್ಮು ಬರುತ್ತದೆ. ಅಲೆಅಲೆಯಾಗಿ ಕೊಯ್ಯುವ ಚಾಕು ಮನೆಯಲ್ಲಿದ್ದರೆ ಅದೂ ಒಳ್ಳೆಯದು, ಗೀರು ಬಿದ್ದ ಮೈ ಕೈಗೆ ಹಿಡಿತ ಕೊಡುತ್ತದೆ.

ನಕ್ಷತ್ರ, ಹೂವು, ಆನೆ ಅಚ್ಚುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 7 ತಿಂಗಳ ಮಗುವಿಗೆ ನಕ್ಷತ್ರ ಗೊತ್ತಿಲ್ಲ. ಆ ಅಚ್ಚು ಬೇಕಿರುವುದು ಅಪ್ಪನ ಮೊಬೈಲ್ ಫೋಟೋಗೆ. ಆ ವಯಸ್ಸಿನ ಆಟ ಬೇರೆ: ಅದ್ದುವುದು, ಹಿಸುಕುವುದು, ಬಣ್ಣ ನೋಡುವುದು, ಬೀಳಿಸಿ ಸದ್ದು ಕೇಳುವುದು. ಒಂದು ಅಗಲ ಬಟ್ಟಲಲ್ಲಿ ಎರಡು ಚಮಚ ಗಟ್ಟಿ ಬೇಳೆಕಟ್ಟು ಹಾಕಿ, ಪಕ್ಕದಲ್ಲಿ ಬೆಂದ ಕ್ಯಾರೆಟ್ ಕಡ್ಡಿ ಇಡಿ. ನೀವು ಒಂದು ಕಡ್ಡಿ ಅದ್ದಿ ತಿಂದು ತೋರಿಸಿ, ಅಷ್ಟೇ. ಮಗು ಅದ್ದುತ್ತದೆ, ನೆಕ್ಕುತ್ತದೆ, ಮತ್ತೆ ಅದ್ದುತ್ತದೆ. ಆಡಾಡುತ್ತಲೇ ಬೇಳೆ ಹೊಟ್ಟೆಗೆ ಹೋಗುತ್ತದೆ, ಕಡ್ಡಿ ಚಮಚದ ಕೆಲಸ ಮಾಡುತ್ತದೆ. ಒಂದು ದಿನ ಬಿಳಿ ಮೊಸರು, ಇನ್ನೊಂದು ದಿನ ಬೀಟ್‌ರೂಟ್ ಅರೆದು ಕಲಸಿದ ಗುಲಾಬಿ ಮೊಸರು. ತಟ್ಟೆಯಲ್ಲಿ ಒಮ್ಮೆಗೆ ಎರಡೇ ತುಂಡು ಇರಲಿ. ಐದಾರು ಇಟ್ಟರೆ ಒಂದನ್ನೂ ತಿನ್ನದೆ ಎಲ್ಲವನ್ನೂ ಗುಡಿಸುತ್ತದೆ.

9 ತಿಂಗಳ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಹೆಕ್ಕುವುದು ಬರುತ್ತದೆ. ಆಗ ತುಂಡು ಚಿಕ್ಕದಾಗಲಿ, ಕಡಲೆಕಾಳಿನ ಗಾತ್ರ, ಅಷ್ಟೇ ಮೆತ್ತಗೆ. ಈ ಪಾಠಕ್ಕೆ ನಮ್ಮಲ್ಲಿ ಹಿತಕಿದ ಅವರೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಂದಾಗ ನಾವು ಹೇಗೂ ಕಾಳು ನೆನೆಸಿ ಸಿಪ್ಪೆ ಹಿತಕುತ್ತೇವೆ. ಆ ಬೇಳೆಯನ್ನು ಮೆತ್ತಗೆ ಬೇಯಿಸಿ, ಒಂದೊಂದನ್ನೂ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಇಟ್ಟರೆ ಮಗು ಕೂತು ಒಂದೊಂದೇ ಹೆಕ್ಕುತ್ತದೆ. ಸಿಪ್ಪೆ ಸಮೇತ ಇಡೀ ಕಾಳು ಮಾತ್ರ ಬೇಡ, ಸಿಪ್ಪೆ ಅಂಗಳಕ್ಕೆ ಅಂಟುತ್ತದೆ. ಹಸಿ ಬಟಾಣಿಗೂ ಇದೇ ನಿಯಮ: ಬೇಯಿಸಿ, ಒತ್ತಿ, ಸಿಪ್ಪೆ ಜಾರಿಸಿ.

ಇನ್ನು ಇವತ್ತಿನ ಮುಖ್ಯ ಮಾತು. ಬರೀ ತರಕಾರಿ ಕಡ್ಡಿ ಅಭ್ಯಾಸಕ್ಕೆ ಸರಿ, ಆಹಾರಕ್ಕೆ ಸಾಲದು. ಲೆಕ್ಕ ಹಾಕಿ ನೋಡಿ. ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಹೊರಗಿನ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, 9ರಿಂದ 11 ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550. 100 ಗ್ರಾಂ ಕ್ಯಾರೆಟ್ಟಿನಲ್ಲಿ ಇರುವುದು 40ರ ಆಸುಪಾಸು. ಅಂದರೆ ಆ 200ಕ್ಕೆ ಮಗು ದಿನಕ್ಕೆ ಅರ್ಧ ಕೆ.ಜಿ. ಕ್ಯಾರೆಟ್ ತಿನ್ನಬೇಕು! ಏಳೂವರೆ ಕೆ.ಜಿ. ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದು ಲೋಟದಷ್ಟು. ಆದರೆ ಒಂದು ಟೀ ಚಮಚ ತುಪ್ಪದಲ್ಲಿ 45 ಕ್ಯಾಲೊರಿ ಇದೆ. ಕ್ಯಾರೆಟ್, ಕುಂಬಳದ ಹಳದಿ ಬಣ್ಣದಲ್ಲಿರುವ ಎ ಜೀವಸತ್ವದ ಮೂಲವಸ್ತು ಮೈಗೆ ಹತ್ತಬೇಕಾದರೂ ಜಿಡ್ಡು ಬೇಕು. ಹಾಗಾಗಿ ಬೆಂದ ಕಡ್ಡಿಗೆ ತುಪ್ಪವೋ ಎಣ್ಣೆಯೋ ಸವರಿ, ಬೇಳೆಯ ಜೊತೆ ಕೊಡಿ.

ಕಬ್ಬಿಣಾಂಶದ ವಿಷಯ ಇನ್ನೂ ಗಂಭೀರ. ಹುಟ್ಟುವಾಗ ತಂದ ದಾಸ್ತಾನು 6 ತಿಂಗಳ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಬೇಳೆ, ಸೊಪ್ಪು, ರಾಗಿಯಲ್ಲಿ ಕಬ್ಬಿಣ ಇದೆ, ಮೈಗೆ ಹತ್ತುವುದು ಕಡಿಮೆ. ಬೇಯಿಸಿ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಹತ್ತುವುದು ಹೆಚ್ಚುತ್ತದೆ, ನೆನೆಸಿ, ಮೊಳಕೆ ಬರಿಸಿ, ಹುದುಗು ಬರಿಸಿ ಮಾಡಿದರೂ ಹೆಚ್ಚುತ್ತದೆ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮಗುವಿನ ಬಾಯಿಗಿಡುವ ಅಭ್ಯಾಸ ಇದಕ್ಕೆ ತದ್ವಿರುದ್ಧ, ಟೀ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ 2 ಸಲ, 1 ಮಿ.ಲೀ., ನಿಲ್ಲಿಸಬೇಡಿ. ನುಚ್ಚಿನುಂಡೆ ತಿನ್ನಿಸಿದೆವು, ಸಿರಪ್ ಯಾಕೆ ಎನ್ನುವ ಹಾಗಿಲ್ಲ.

ನುಚ್ಚಿನುಂಡೆ ಎಂದೆನಲ್ಲ, ಅದಕ್ಕೇ ಬರುತ್ತೇನೆ. ತೊಗರಿಬೇಳೆ ಕಡಲೆಬೇಳೆ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ, ಕಾಯಿತುರಿ ಹಾಕಿ ಆವಿಯಲ್ಲಿ ಬೇಯಿಸಿ ಮಜ್ಜಿಗೆಹುಳಿ ಜೊತೆ ತಿನ್ನುವ ಈ ತಿಂಡಿ ಮಗುವಿಗಾಗಿಯೇ ಹುಟ್ಟಿತೇನೋ ಎನ್ನುವ ಹಾಗಿದೆ. ಬೇಳೆ, ತರಕಾರಿ, ಜಿಡ್ಡು ಮೂರೂ ಒಂದೇ ತುಂಡಿನಲ್ಲಿ, ಎಣ್ಣೆಯಲ್ಲಿ ಕರಿಯುವುದಿಲ್ಲ, ಕೈಯಲ್ಲಿ ಹಿಡಿದರೆ ನಿಲ್ಲುತ್ತದೆ. ಮಗುವಿಗೆ ಮಾಡುವಾಗ ನಾಲ್ಕು ಬದಲಾವಣೆ ಬೇಕು: ಉಂಡೆಯ ಬದಲು ಬೆರಳಾಕಾರ, ತರಿಯ ಬದಲು ನುಣ್ಣಗೆ, ಮೆಣಸಿನಕಾಯಿ ಉಪ್ಪು ಇಲ್ಲ, ನೀರಿನಂಶದ ತರಕಾರಿ ಜಾಸ್ತಿ.

ಅಳತೆ ಇದು. ಸಿಪ್ಪೆ ತೆಗೆದ ಹೆಸರುಬೇಳೆ 100 ಗ್ರಾಂ, ಅಂದರೆ ಅರ್ಧ ಲೋಟ. 2 ಗಂಟೆ ನೆನೆಸಿ. ತೊಗರಿಬೇಳೆ ಆದರೆ 4 ಗಂಟೆ. ಕಡಲೆಬೇಳೆ ಈ ವಯಸ್ಸಿಗೆ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ಜರಡಿಗೆ ಹಾಕಿ 10 ನಿಮಿಷ ನೀರು ಸೋಸಲು ಬಿಡಿ. ನೀರು ಹಾಕದೆ ನುಣ್ಣಗೆ ರುಬ್ಬಿ. ಮಿಕ್ಸಿ ತಿರುಗದಿದ್ದರೆ ನೀರಿನ ಬದಲು ತುರಿದ ಸೋರೆಕಾಯಿಯನ್ನೇ ಒಂದು ಚಮಚ ಹಾಕಿ. ಇದಕ್ಕೆ ಸಣ್ಣಗೆ ತುರಿದ ಸೋರೆಕಾಯಿಯೋ ಸಿಹಿ ಕುಂಬಳವೋ 60 ಗ್ರಾಂ, ಕಡ್ಡಿ ಬಿಟ್ಟು ಎಲೆಯನ್ನಷ್ಟೇ ಹೆಚ್ಚಿದ ಸಬ್ಬಸಿಗೆ 2 ಚಮಚ, ನುಣ್ಣಗೆ ಅರೆದ ಕಾಯಿ 1 ಚಮಚ, ತುಪ್ಪ 2 ಟೀ ಚಮಚ, ಚಿಟಿಕೆ ಜೀರಿಗೆ ಪುಡಿ, ಚಿಟಿಕೆ ಇಂಗು. ಕೈಗೆ ತುಪ್ಪ ಸವರಿಕೊಂಡು 15 ಗ್ರಾಂನಷ್ಟು ತೆಗೆದು ಅಂಗೈಯಲ್ಲಿ ಉರುಳಿಸಿ ಕಿರುಬೆರಳಿನ ಉದ್ದಕ್ಕೆ ತಂದು, ಮೇಲಿಂದ ಸ್ವಲ್ಪ ಒತ್ತಿ. 15ರಿಂದ 18 ಆಗುತ್ತವೆ. ಜಿಡ್ಡು ಸವರಿದ ಇಡ್ಲಿ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು 12 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಮುಚ್ಚಳದ ಒಳಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಆವಿಯ ನೀರು ತೊಟ್ಟಿಕ್ಕಿ ಮೈಯೆಲ್ಲ ಲೋಳೆಯಾಗುತ್ತದೆ.

ಕೆಡುವುದು ಎಲ್ಲಿ? ಎಲ್ಲರೂ ಹೇಳುವ ದೂರು, ಬಿಸಿ ಇದ್ದಾಗ ಚೆನ್ನಾಗಿತ್ತು, ಆರಿದ ಮೇಲೆ ಕಲ್ಲಾಯಿತು, ಬಾಯಲ್ಲಿ ಪುಡಿಪುಡಿಯಾಯಿತು. ಬೇಳೆ ಬೆಂದಾಗ ಬಿಗಿಯುತ್ತದೆ, ಆರುತ್ತಾ ಇನ್ನೂ ಬಿಗಿಯುತ್ತದೆ. 20 ನಿಮಿಷ ಬೇಯಿಸಿದರೆ ಒಳಗಿನ ತೇವವೂ ಹೋಗುತ್ತದೆ. ಕ್ಯಾರೆಟ್ ತುರಿ ಮಾತ್ರ ಹಾಕಿದರೆ ಅದರಲ್ಲಿ ನೀರು ಸಾಲದು, ಸೋರೆ ಅಥವಾ ಹೀರೆ ಸೇರಲೇಬೇಕು. ಒಣಪುಡಿ ಬಾಯಿಯ ತೇವ ಹೀರಿ ಗಂಟಲಲ್ಲಿ ಮುದ್ದೆ ಕಟ್ಟುತ್ತದೆ, ಆದ್ದರಿಂದ ಇದು ಬರೀ ರುಚಿಯ ಪ್ರಶ್ನೆಯಲ್ಲ. ಆರಿದ್ದನ್ನು ಕೊಡುವ ಮೊದಲು ಬೇಳೆಕಟ್ಟಿನಲ್ಲೋ ಮೊಸರಿನಲ್ಲೋ ಎರಡು ನಿಮಿಷ ಅದ್ದಿಡಿ. ಅದರ ಉಲ್ಟಾ ದೂರು: ತಟ್ಟೆಯಲ್ಲಿ ಹರಡಿ ದೋಸೆಯಾಯಿತು. ಬೇಳೆಯ ನೀರು ಸೋಸಿಲ್ಲ, ಅಥವಾ ಸೋರೆಕಾಯಿ ತುರಿದು ತುಂಬಾ ಹೊತ್ತು ಬಿಟ್ಟಿದ್ದೀರಿ. ಒಂದು ಚಮಚ ಅಕ್ಕಿಹಿಟ್ಟು ಸೇರಿಸಿದರೆ ನಿಲ್ಲುತ್ತದೆ, ಎರಡು ಚಮಚ ಹಾಕಿದರೆ ಮತ್ತೆ ಗಟ್ಟಿ.

ಎರಡನೆಯದು ಹಾಲುಬಾಯಿ ಮಾಡುವ ಕ್ರಮದಲ್ಲೇ, ಬೆಲ್ಲ ಬಿಟ್ಟು. ಬೆಂದ ಸಿಹಿ ಕುಂಬಳ 150 ಗ್ರಾಂ ನುಣ್ಣಗೆ ಹಿಸುಕಿ. 50 ಗ್ರಾಂ ರಾಗಿಹಿಟ್ಟನ್ನು 60 ಮಿ.ಲೀ. ನೀರಲ್ಲಿ ಗಂಟಿಲ್ಲದೆ ಕದಡಿ ಅದಕ್ಕೆ ಸೇರಿಸಿ. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟಾದರೆ ಇನ್ನೂ ಒಳ್ಳೆಯದು, ಸ್ವಲ್ಪ ಸಡಿಲವಾಗಿ ಕಟ್ಟುತ್ತದೆ, ಆದ್ದರಿಂದ ನೀರು 40 ಮಿ.ಲೀ. ಸಾಕು. ದಪ್ಪತಳದ ಬಾಣಲೆಯಲ್ಲಿ ಸಣ್ಣ ಉರಿ, ಬಿಡದೆ ಕೈಯಾಡಿಸಿ, 7–8 ನಿಮಿಷ. ಬಣ್ಣ ಗಾಢವಾಗಿ, ಹೊಳಪು ಬಂದು, ತಳ ಬಿಡುತ್ತದೆ. ಮುದ್ದೆ ಬೆಂದಿದೆಯೇ ಎಂದು ನೋಡುವ ಪರೀಕ್ಷೆಯೇ ಇಲ್ಲೂ: ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಒಂದು ಚಮಚ ತುಪ್ಪ ಹಾಕಿ, ತಟ್ಟೆಗೆ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಪೂರ್ತಿ ಆರಿದ ಮೇಲೆ ಕಡ್ಡಿಕಡ್ಡಿಯಾಗಿ ಕೊಯ್ಯಿರಿ. ಅವಸರಕ್ಕೆ 3 ನಿಮಿಷಕ್ಕೇ ಇಳಿಸಿದರೆ ಹಸಿಹಿಟ್ಟಿನ ಅಂಟು ಉಳಿದು ಅಂಗಳಕ್ಕೆ ಮೆತ್ತಿಕೊಳ್ಳುತ್ತದೆ. ಇದನ್ನು ನೋಡಿ ಮುದ್ದೆಯನ್ನೇ ಕೊಡಬಹುದಲ್ಲ ಎನ್ನಬೇಡಿ. ಮುದ್ದೆ ನಾವು ಅಗಿಯದೆ ನುಂಗುವ ತುತ್ತು, ಮಗುವಿಗೆ ನುಂಗುವ ವಿದ್ಯೆ ಇನ್ನೂ ಬಂದಿಲ್ಲ. ಮುದ್ದೆಯನ್ನು ಸಾರಲ್ಲಿ ಕದಡಿ ಕೊಡಿ.

ದೋಸೆ ಹಿಟ್ಟಿನಿಂದ ಆಗುವುದು ಬೇಕಾದಷ್ಟಿದೆ, ಒಂದೇ ಸೂತ್ರ: ಮನೆಯವರ ಹಿಟ್ಟಿಗೆ ಉಪ್ಪು ಹಾಕುವ ಮೊದಲೇ ಮಗುವಿನ ಪಾಲಿನ ಎರಡು ಸೌಟು ತೆಗೆದಿಡಿ. ಅದಕ್ಕೆ ಬೇಯಿಸಿ ಅರೆದ ಬೀಟ್‌ರೂಟ್ 2 ಚಮಚ ಸೇರಿಸಿ ಪಡ್ಡು ಹುಯ್ಯಿರಿ, ಗುಂಡಗಿರುವುದನ್ನು ಹಾಗೇ ಕೊಡದೆ ಉದ್ದಕ್ಕೆ ನಾಲ್ಕು ಹೋಳು ಮಾಡಿ. ಇಡ್ಲಿಗೆ ಕ್ಯಾರೆಟ್ ಹಾಕುವವರು ತುರಿದು ಹಸಿಯಾಗಿಯೇ ಹಾಕುತ್ತಾರೆ. ಇಡ್ಲಿ 10 ನಿಮಿಷಕ್ಕೆ ಬೆಂದಿತು, ದಪ್ಪ ತುರಿ ಹಾಗೇ ಉಳಿಯಿತು. ತುರಿಯನ್ನು ಮೊದಲೇ ಬಾಡಿಸಿ ಹಾಕಬೇಕು. ಸೊಪ್ಪೂ ಹಾಗೇ, ಇಡೀ ಎಲೆ ಒದ್ದೆ ಕಾಗದದಂತೆ ಅಂಗಳಕ್ಕೆ ಅಂಟಿಕೊಳ್ಳುತ್ತದೆ. ನುಗ್ಗೆಸೊಪ್ಪು, ಹರಿವೆ, ಪಾಲಕ್ ಯಾವುದೇ ಇರಲಿ, ಬೇಯಿಸಿ ಕೊಚ್ಚಿ ಹಿಟ್ಟಿನೊಳಗೆ ಸೇರಿಸಿ. ಮೊಟ್ಟೆ ತಿನ್ನುವ ಮನೆಯಲ್ಲಿ ಒಂದು ಮೊಟ್ಟೆಗೆ ಇಂಥ ಸೊಪ್ಪು 2 ಚಮಚ ಕದಡಿ, ಕಾವಲಿಯ ಮೇಲೆ ಮುಚ್ಚಿ ಎರಡೂ ಕಡೆ ಪೂರ್ತಿ ಬೇಯಿಸಿ, ಪಟ್ಟಿ ಕೊಯ್ದರೆ ಐದು ನಿಮಿಷದ ಕೆಲಸ.

ಗೆಣಸಿನ ಬಗ್ಗೆ ಒಂದು ಮಾತು. ನಮ್ಮ ಸಂತೆಯ ಗೆಣಸು ಹೆಚ್ಚಾಗಿ ಒಳಗೆ ಬಿಳಿ. ಶಕ್ತಿಗೆ ಒಳ್ಳೆಯದು, ಎ ಜೀವಸತ್ವಕ್ಕಲ್ಲ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯ ಹಾಗೆ ಒಳಗೆ ಕಿತ್ತಳೆ ಬಣ್ಣವಿದ್ದರೆ ಎರಡೂ ಸಿಗುತ್ತದೆ. ಅಮೆರಿಕದಲ್ಲಿರುವ ಮಗಳು ಮೊಮ್ಮಗುವಿಗೆ ಗೆಣಸು ಕೊಡುತ್ತಿದ್ದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಈ ಕಿತ್ತಳೆಯದೇ. ಅದರಲ್ಲಿ ನೀರು ಹೆಚ್ಚು, ನಮ್ಮ 12 ನಿಮಿಷದ ಲೆಕ್ಕ ಹಿಡಿದರೆ ಮುದ್ದೆಯಾಗುತ್ತದೆ, 8ಕ್ಕೇ ನೋಡಿಕೊಳ್ಳಲು ಹೇಳಿ.

ಇನ್ನು ಗಂಟಲಿನ ವಿಷಯ. ಮಗು ತಿನ್ನುವಾಗ ‘ಓಕ್’ ಎಂದು ಮುಖ ಕೆಂಪಗೆ ಮಾಡಿ, ನಾಲಿಗೆ ಚಾಚಿ, ತುಂಡನ್ನು ಮುಂದಕ್ಕೆ ತಳ್ಳುತ್ತದೆ. ಅದು ಉಸಿರು ಕಟ್ಟಿದ್ದಲ್ಲ, ಓಕರಿಕೆ. ಸದ್ದು ಇದೆ, ಕೆಮ್ಮು ಇದೆ ಅಂದರೆ ಗಾಳಿ ಓಡಾಡುತ್ತಿದೆ. ಎಳೆ ಮಗುವಿನಲ್ಲಿ ಈ ಓಕರಿಕೆ ನಾಲಿಗೆಯ ನಡುಭಾಗದಲ್ಲೇ ಏಳುವುದರಿಂದ ಬೇಗ ಬರುತ್ತದೆ, ಅದು ರಕ್ಷಣೆ. ಆಗ ಬಾಯಿಗೆ ಬೆರಳು ಹಾಕಿದರೆ ಮುಂದೆ ಬರುತ್ತಿದ್ದ ತುಂಡನ್ನು ನೀವೇ ಹಿಂದಕ್ಕೆ ತಳ್ಳುತ್ತೀರಿ. ಕೈ ಕಟ್ಟಿ ಕೂರಿ, ಮುಖ ಗಾಬರಿ ಮಾಡಬೇಡಿ.

ಉಸಿರು ಕಟ್ಟುವುದು ಸದ್ದಿಲ್ಲದೆ ಆಗುತ್ತದೆ. ಅಳು ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ತುಟಿ ನೀಲಿಯಾಗುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ‘ನೆತ್ತಿಗೆ ಹತ್ತಿತು’ ಎಂದು ನೆತ್ತಿ ತಟ್ಟುತ್ತೇವೆ, ಊದುತ್ತೇವೆ. ನೆತ್ತಿ ತಟ್ಟಿದರೆ ಗಂಟಲಲ್ಲಿರುವುದು ಅಲ್ಲಾಡುವುದಿಲ್ಲ. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ದವಡೆಯನ್ನು ಕೈಯಲ್ಲಿ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಮೂಳೆಯ ಮೇಲೆ 5 ಸಲ ಒತ್ತಿ. ಹೊರಬರುವವರೆಗೆ ಇದನ್ನೇ ಮತ್ತೆ ಮತ್ತೆ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಬೇಕು. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬಾಯಿಗೆ ಬೆರಳಾಡಿಸಬೇಡಿ. ಮಗುವಿಗೆ ಎಚ್ಚರ ತಪ್ಪಿದರೆ ಮಾಡಬೇಕಾದದ್ದು ಬೇರೆ ಇದೆ, ಅದನ್ನು ಗೊಂಬೆಯ ಮೇಲೆ ಕಲಿಯಬೇಕು, ಮಾತಿನಲ್ಲಿ ಬರುವುದಿಲ್ಲ.

ಕೊಡಲೇಬಾರದವು: ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಪಾಪ್‌ಕಾರ್ನ್, ಕೊಬ್ಬರಿ ಚೂರು, ಹಸಿ ಕ್ಯಾರೆಟ್, ಹಸಿ ಸೇಬು, ಇಡೀ ದ್ರಾಕ್ಷಿ, ಗಟ್ಟಿ ಮೊಳಕೆಕಾಳು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಬೇಕು. ನುಗ್ಗೆಕಾಯಿಯನ್ನು ಚೀಪಲು ಕೊಡುವುದೂ ಬೇಡ, ನಾರು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ತಿರುಳು ಕೆರೆದು ನುಚ್ಚಿನುಂಡೆಗೆ ಸೇರಿಸಿ. ಉಪ್ಪು, ಸಕ್ಕರೆ, ಬೆಲ್ಲ ವರ್ಷ ತುಂಬುವವರೆಗೆ ಬೇಡ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ. ಜೇನುತುಪ್ಪ ಒಂದು ಹನಿಯೂ ಬೇಡ, ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಬೀಜಾಣು ವರ್ಷದೊಳಗಿನ ಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ. ಕಾಯಿಸಿದರೂ ಅದು ಸಾಯುವುದಿಲ್ಲ.

ಕೂರಿಸುವ ರೀತಿ. ಎತ್ತರದ ಕುರ್ಚಿ ಇಲ್ಲದಿದ್ದರೆ ಚಿಂತೆಯಿಲ್ಲ. ದೊಡ್ಡವರು ಚಕ್ಕಳಮಕ್ಕಳ ಹಾಕಿ ಕೂತು, ಮಗುವಿನ ಬೆನ್ನು ತಮ್ಮ ಹೊಟ್ಟೆಗೆ ಆನಿಸಿ, ಮುಂದೆ ಒಂದು ಮಣೆ, ಮಣೆಯ ಮೇಲೆ ಸ್ಟೀಲ್ ತಟ್ಟೆ. ಮುಖ ಕಾಣುವ ಹಾಗೆ ಎದುರಿಗೆ ಇನ್ನೊಬ್ಬರು. ದಿಂಬಿಗೆ ಒರಗಿಸಿ ಅರೆಮಲಗಿದಂತೆ ಕೂರಿಸುವುದು, ತೊಟ್ಟಿಲಲ್ಲಿ, ವಾಕರಿನಲ್ಲಿ ತಿನ್ನಲು ಬಿಡುವುದು ಬೇಡ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳು.

‘ಒಂದೇ ಸಲ ಮಾಡಿ ಫ್ರಿಜ್ಜಿನಲ್ಲಿ ಇಡಬಹುದೇ, ಮೇಡಂ?’ ಇಡಬಹುದು, 24 ಗಂಟೆ. ಕೊಡುವ ಮುಂಚೆ ಒಳಗಿನವರೆಗೆ ಬಿಸಿಯಾಗುವಂತೆ ಮತ್ತೆ ಆವಿಗಿಟ್ಟು, ಆರಿಸಿ. ಒಮ್ಮೆ ಬಿಸಿ ಮಾಡಿದ್ದನ್ನು ಇನ್ನೊಮ್ಮೆ ಇಡಬೇಡಿ, ಮಗು ಬಾಯಿಗಿಟ್ಟು ಬಿಟ್ಟದ್ದನ್ನೂ ಇಡಬೇಡಿ. ಪಾಲಕ್ ಮತ್ತು ಬೀಟ್‌ರೂಟ್ ಹಾಕಿದ್ದನ್ನು ಆಗಿಂದಾಗ್ಗೆ ಮುಗಿಸಿ, ಅವುಗಳಲ್ಲಿರುವ ನೈಟ್ರೇಟ್ ಇಟ್ಟಷ್ಟೂ ನೈಟ್ರೈಟ್ ಆಗುತ್ತಾ ಹೋಗುತ್ತದೆ, ಎಳೆ ಮಕ್ಕಳ ರಕ್ತಕ್ಕೆ ಅದು ಒಳ್ಳೆಯದಲ್ಲ.

‘ಮೂರು ಸಲ ಕೊಟ್ಟೆ, ಹೀರೆಕಾಯಿ ಮುಟ್ಟಲ್ಲ.’ ಮೂರು ಸಲ ಏನೂ ಅಲ್ಲ. ಎಂಟು ಹತ್ತು ಸಲ ತಟ್ಟೆಗೆ ಬರಲಿ, ಒತ್ತಾಯವಿಲ್ಲದೆ, ನೀವೂ ಅದನ್ನೇ ತಿನ್ನುತ್ತಾ.

‘ಡೈಪರ್ ಎಲ್ಲ ಕೆಂಪು, ರಕ್ತ ಅಂತ ಹೆದರಿಬಿಟ್ವಿ.’ ಹಿಂದಿನ ದಿನ ಬೀಟ್‌ರೂಟ್ ಕೊಟ್ಟಿದ್ದಿರಾ ನೋಡಿ. ಕೊಟ್ಟಿದ್ದರೆ ಒಂದೆರಡು ದಿನ ನಿಲ್ಲಿಸಿ, ಬಣ್ಣ ಹೋಗುತ್ತದೆ. ಕೊಡದೆ ಕೆಂಪಾಗಿದ್ದರೆ, ನಿಲ್ಲಿಸಿದರೂ ಹೋಗದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ದಿನಾ ಕ್ಯಾರೆಟ್, ಕುಂಬಳ ತಿಂದ ಮಗುವಿನ ಅಂಗೈ, ಮೂಗಿನ ತುದಿ ಹಳದಿಯಾಗುವುದೂ ಉಂಟು. ಕಣ್ಣಿನ ಬಿಳಿ ಬಿಳಿಯಾಗೇ ಇದ್ದರೆ ಅದು ಕಾಮಾಲೆಯಲ್ಲ. ಸ್ವಲ್ಪ ಕಾಲ ತರಕಾರಿ ಬದಲಿಸಿ.

‘ಊರಿಗೆ ಹೋಗುವಾಗ ಬಸ್ಸಲ್ಲಿ ಕೊಡಬಹುದಾ?’ ಓಡುತ್ತಿರುವ ಬಸ್ಸಲ್ಲಿ, ಕಾರಿನಲ್ಲಿ ಬೇಡ. ಕುಲುಕಾಟಕ್ಕೆ ತುಂಡು ಜಾರಿದರೆ ಮಗುವನ್ನು ಬೋರಲು ಹಾಕಲು ಅಲ್ಲಿ ಜಾಗವೂ ಇರುವುದಿಲ್ಲ. ಎದೆಹಾಲು ಕೊಡಿ. ನುಚ್ಚಿನುಂಡೆ ಡಬ್ಬಿಯಲ್ಲಿರಲಿ, ಬಸ್ಸು ಚಹಾಕ್ಕೆ ನಿಂತಾಗ ಇಳಿದು, ಕೈ ತೊಳೆದು, ಕೂರಿಸಿ ಕೊಡಿ.